ಯಜಮಾನರ ಸಹಿ

ರಿಜಿಸ್ಟ್ರಿಯಿಂದ ವಾಪಸು ಬಂದ ಅರ್ಜಿಗೆ ಒಂದು ಹಳದಿ ಚೀಟಿ ಚುಚ್ಚಿದ್ದರು. ಅದರಲ್ಲಿ ಒಂದೇ ಸಾಲು: ‘ಪ್ರಮಾಣಪತ್ರದ ನಾಲ್ಕನೇ ಪುಟದಿಂದ ಒಂಬತ್ತನೇ ಪುಟದವರೆಗೆ ಅರ್ಜಿದಾರಳ ಸಹಿ ಇಲ್ಲ, ಆಕೆಯ ಗಂಡನ ಸಹಿ ಇದೆ.’

ವಕೀಲೆ ಅದನ್ನು ಕೌಂಟರಿನ ಮುಂದೆ ನಿಂತೇ ಎರಡು ಸಲ ಓದಿದಳು. ಆಮೇಲೆ ಪುಟ ತಿರುವಿದಳು. ಮೊದಲ ಮೂರು ಪುಟಗಳ ಅಡಿಯಲ್ಲಿ ಅರ್ಜಿದಾರಳಾದ ಟೈಲರಮ್ಮನ ಹೆಸರಿತ್ತು. ಶಾಲೆಗೆ ಹೊಸದಾಗಿ ಸೇರಿದ ಮಗು ಬರೆದ ಹಾಗೆ ಬಿಡಿಬಿಡಿ ಅಕ್ಷರ, ಒಂದು ಗೆರೆಯಿಂದ ಮೇಲೆ, ಇನ್ನೊಂದು ಕೆಳಗೆ. ನಾಲ್ಕನೇ ಪುಟದಿಂದ ಸಹಿ ಸರ್ರನೆ ಓಡಿತ್ತು. ಮೊದಲಿಗೆ ಒಂದು ಕೊಕ್ಕೆ, ಮಧ್ಯೆ ಒಂದು ಅಲೆ, ಕೊನೆಯಲ್ಲಿ ಉದ್ದ ಬಾಲ, ಬಾಲದ ಕೆಳಗೆ ಎರಡು ಚುಕ್ಕಿ. ಹಡಗಿನಲ್ಲಿ ನಲವತ್ತು ಜನಕ್ಕೆ ಅಡುಗೆ ಮಾಡುವ ಅವಳ ಗಂಡನ ಸಹಿ ಅದು. ಪ್ರಮಾಣಪತ್ರಕ್ಕೆ ಸಹಿ ಬಿದ್ದ ದಿನ ಆ ಗಂಡ ಯಾವ ಸಮುದ್ರದ ಮೇಲಿದ್ದನೋ ಹೆಂಡತಿಗೇ ಗೊತ್ತಿರಲಿಲ್ಲ.

ಕೌಂಟರಿನ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿದ. "ಏನು ಕಲಮಕ್ಕ, ಈ ಸಲ ಗಂಡನ್ನೇ ಅರ್ಜಿದಾರ ಮಾಡ್ಬಿಟ್ರಾ? ಹೆಂಗಸರ ಹಕ್ಕನ್ನ ಗಂಡಸರೇ ಬಂದು ಕೇಳೋ ಹಾಗಾಯ್ತು. ಒಳ್ಳೇದೇ ಬಿಡಿ."

"ನಗಬೇಡಿ. ಇದರ ಮೇಲೆ ಒಂದು ಹುಡುಗಿ ಸೀಟು ನಿಂತಿದೆ."

"ನಾನೆಲ್ಲಿ ನಕ್ಕೆ? ಸರಿ ಮಾಡ್ಕೊಂಡು ಬನ್ನಿ. ನಾಲ್ಕಕ್ಕೆ ಮುಚ್ತೀವಿ."

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಕಲಮಕ್ಕ ಎನ್ನುತ್ತಿದ್ದರು. ಎದುರಿಗೂ ಅದೇ, ಬೆನ್ನ ಹಿಂದೆಯೂ ಅದೇ. ಪೋಷಕರ ಕಾನೂನಿನ ಏಳನೇ ಕಲಮಿನ ಹಿಂದೆ ಬಿದ್ದವಳು ಎಂದು ಆ ಹೆಸರು. ಆ ಕಲಮು ಎರಡೇ ಸಾಲಿನದು. ತಂದೆ ಬದುಕಿರುವವರೆಗೆ ಮಕ್ಕಳ ಪೋಷಕನೆಂದರೆ ತಂದೆ. ಮಕ್ಕಳ ಪರವಾಗಿ ತಾಯಿ ಹಾಕಿದ ಸಹಿ ಸಲ್ಲುವುದಿಲ್ಲ. ಇಷ್ಟೇ. ಈ ಎರಡು ಸಾಲನ್ನು ತೆಗೆಸಲು ಅವಳು ಹತ್ತೊಂಬತ್ತು ವರ್ಷದಿಂದ ಓಡಾಡುತ್ತಿದ್ದಳು. ಮೂವರು ಮಂತ್ರಿಗಳಿಗೆ ಮನವಿ ಕೊಟ್ಟಿದ್ದಳು. ಮೂವರೂ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರೆದಿದ್ದರು, ಮೂರನೆಯವರಂತೂ ಎರಡನೆಯವರ ಪತ್ರದ ದಿನಾಂಕ ಬದಲಿಸುವುದನ್ನೂ ಮರೆತಿದ್ದರು. ಸಮಿತಿಯೊಂದು ರಚನೆಯಾಗಿ, ವರದಿ ಬರೆದು, ಆ ವರದಿಯನ್ನು ಅಭ್ಯಾಸ ಮಾಡಲು ಇನ್ನೊಂದು ಸಮಿತಿಯೂ ರಚನೆಯಾಗಿತ್ತು. ವಕೀಲರ ಕೋಣೆಯಲ್ಲಿ ಯಾರಾದರೂ ಒಬ್ಬರು ದಿನಾ ಕೇಳುವರು: "ಏನಕ್ಕ, ಇನ್ನೂ ಏಳರಲ್ಲೇ ಇದೀರಾ? ನಾವೆಲ್ಲ ಎಂಟು ದಾಟಿದ್ವಿ."

ಹಾಗಾದರೆ ಇಷ್ಟು ವರ್ಷ ತಾಯಂದಿರು ಹೇಗೆ ದಿನ ದೂಡಿದರು? ಶಾಲೆಗೆ ಸೇರಿಸಲು, ಲಸಿಕೆ ಹಾಕಿಸಲು, ಹಲ್ಲು ಕೀಳಿಸಲು, ಪ್ರವಾಸಕ್ಕೆ ಕಳಿಸಲು ಎಲ್ಲಕ್ಕೂ ತಂದೆಯ ಸಹಿ ಬೇಕು. ತಂದೆಯಾದವನು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಕೆಲವರು ವಾರಕ್ಕೊಮ್ಮೆ, ಕೆಲವರು ವರ್ಷಕ್ಕೊಮ್ಮೆ. ಮನೆಯಲ್ಲೇ ಇದ್ದವರೂ "ಆಮೇಲೆ ಹಾಕ್ತೀನಿ, ಅಲ್ಲಿಡು" ಎನ್ನುವರು. ಅಲ್ಲಿಟ್ಟ ಕಾಗದದ ಮೇಲೆ ಚಹಾದ ಲೋಟ ಕೂರುತ್ತದೆ. ಹಾಗಾಗಿ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು. ಪಾತ್ರೆ ತೊಳೆಯುವುದು, ಬಟ್ಟೆ ನೆನೆಸುವುದು, ಮಕ್ಕಳ ಉಗುರು ಕತ್ತರಿಸುವುದು, ಯಜಮಾನರ ಸಹಿ ಹಾಕುವುದು. ಇವೆಲ್ಲ ಒಂದೇ ಸಾಲಿನ ಕೆಲಸ. ಯಾರೂ ಕಲಿಸಿಕೊಡಲಿಲ್ಲ, ಯಾರೂ ಶಹಭಾಸ್ ಅನ್ನಲಿಲ್ಲ, ಒಂದು ದಿನ ಬಿಟ್ಟರೆ ಮಾತ್ರ ಮನೆಯೆಲ್ಲ ಗೊತ್ತಾಗುತ್ತದೆ.

ಟೈಲರಮ್ಮನೂ ಹದಿನಾರು ವರ್ಷ ಹೀಗೇ ನಡೆಸಿಕೊಂಡು ಬಂದಿದ್ದಳು. ಈಗ ಅವಳ ಮಗಳಿಗೆ ಭೂಮಾಪನ ಕಲಿಸುವ ಸರ್ಕಾರಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅರವತ್ತು ಸೀಟಿನಲ್ಲಿ ಹುಡುಗಿಯರದು ನಾಲ್ಕೇ. ವಸತಿ ಶಾಲೆ, ಓದು ಮುಗಿಯುತ್ತಲೇ ಕೆಲಸ. ಆದರೆ ಅಲ್ಲಿ ಈ ವರ್ಷ ಹೊಸ ನಿಯಮ ಬಂದಿತ್ತು: ಪೋಷಕ ಖುದ್ದಾಗಿ ಬಂದು ಪ್ರಾಂಶುಪಾಲರ ಕಣ್ಣೆದುರು ಸಹಿ ಹಾಕಬೇಕು. ಕಡೆಯ ದಿನ ತಿಂಗಳ ಇಪ್ಪತ್ತೆಂಟು. ಹಡಗಿನಿಂದ ಗಂಡ ಫೋನಿನಲ್ಲಿ, "ಸಹಿ ತಾನೆ? ಯಾವತ್ತೂ ನೀನೇ ಹಾಕೋದಲ್ವಾ, ಈಗೇನು ಹೊಸದಾಗಿ ನನ್ನ ಕೇಳ್ತೀಯ?" ಅಂದಿದ್ದ. ಅವನ ಒಪ್ಪಿಗೆ ಇತ್ತು. ಒಪ್ಪಿಗೆ ಕೊಟ್ಟ ಕೈ ಇರಲಿಲ್ಲ. ತಾಯಿಗೆ ಅಧಿಕಾರ ಬರೆದುಕೊಡುವುದಕ್ಕೂ ಆ ಕಲಮಿನಲ್ಲಿ ಜಾಗವಿಲ್ಲ. ಹೀಗೆ ಕೊನೆಗೂ ವಕೀಲೆಗೆ ಬೇಕಾಗಿದ್ದಂಥ ಪ್ರಕರಣ ಸಿಕ್ಕಿತ್ತು. ಗಂಡ ಕೆಟ್ಟವನಲ್ಲ, ಜಗಳವಿಲ್ಲ, ಕಣ್ಣೀರಿಲ್ಲ. ಕಾನೂನೊಂದೇ ಅಡ್ಡ ನಿಂತಿದೆ.

ಇವತ್ತು ಹನ್ನೆರಡನೇ ತಾರೀಖು. ಅಂಥ ಪ್ರಕರಣಕ್ಕೆ ಈ ಹಳದಿ ಚೀಟಿ.

ಟೈಲರಮ್ಮನ ಅಂಗಡಿ ಅವಳ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆನಿಸಿದ ಬೆಂಚು. ಪರದೆ ಸರಿಸಿದರೆ ಅಡುಗೆ ಕೋಣೆ. ಶಾಲೆ ತೆರೆಯುವ ಕಾಲ, ಮೇಜಿನ ತುಂಬ ನೀಲಿ ಲಂಗ, ನೀಲಿ ಚಡ್ಡಿ. ವಕೀಲೆ ಒಳಗೆ ಬಂದವಳೇ ಲಂಗದ ರಾಶಿಯ ಮೇಲೆ ಅರ್ಜಿ ಬಿಸಾಕಿದಳು.

"ಇದೇನ್ರೀ ಮಾಡಿದ್ದು?"

ಟೈಲರಮ್ಮ ಪೆಡಲು ನಿಲ್ಲಿಸಿ ಬಗ್ಗಿ ನೋಡಿದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿಗೆ ಚುಚ್ಚಿದಳು. "ಅಯ್ಯೋ ದೇವ್ರೇ. ಇದು ನಾನಾ?"

"ಇನ್ಯಾರು, ನಾನಾ?"

"ಮೂರು ಹಾಳೆಗೆ ನಂದೇ ಹಾಕಿದೀನಲ್ಲ ಅಕ್ಕ, ನೋಡಿ, ಎಷ್ಟು ಚೆನ್ನಾಗಿದೆ. ಆಮೇಲೆ ಇಸ್ತ್ರಿ ಪೆಟ್ಟಿಗೆ ವಾಸನೆ ಬಂತು ನೆನಪಿದೆಯಾ? ಲಂಗ ಸುಟ್ಟೇ ಹೋಯ್ತು ಅಂತ ಓಡಿದೆ. ವಾಪಸು ಬಂದು ಬೇಗಬೇಗ ಹಾಕ್ಬಿಟ್ಟೆ. ಬೇಗ ಹಾಕು ಅಂದ್ರೆ ನನ್ನ ಕೈಗೆ ಬರೋದು ಅವರದ್ದೇ. ನಂದು ಬರೆಯೋಕೆ ಕೂತ್ಕೋಬೇಕು, ಉಸಿರು ಹಿಡೀಬೇಕು."

ಬೆಂಚಿನ ಮೇಲೆ ಕುಳಿತಿದ್ದ ಮೂವರು ಹೆಂಗಸರು ನಕ್ಕರು. ವಕೀಲೆಗೆ ಮೈಯೆಲ್ಲ ಉರಿಯಿತು. ಆದರೆ ಉರಿಯಲ್ಲಿ ಅರ್ಧ ತನ್ನ ಮೇಲೇ. ಆ ಪ್ರಮಾಣಪತ್ರವನ್ನು ಅವಳು ಐದು ಸಲ ತಿದ್ದಿದ್ದಳು. ಒಂದೊಂದು ಪದವನ್ನು ತೂಗಿ ಇಟ್ಟಿದ್ದಳು. ಸಹಿ ಬೀಳುವಾಗ ಮಾತ್ರ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದಳು. ಹೆಂಗಸರ ಸಹಿಗಾಗಿ ಹತ್ತೊಂಬತ್ತು ವರ್ಷ ವಾದ ಮಾಡಿದವಳು ಒಬ್ಬ ಹೆಂಗಸು ಸಹಿ ಹಾಕುವುದನ್ನು ತಿರುಗಿ ನೋಡಿರಲಿಲ್ಲ.

"ಇದೇನು ಮಹಾ," ಅಂದಳು ಬೆಂಚಿನ ಮೇಲಿದ್ದ ಪೊಲೀಸನ ಹೆಂಡತಿ. "ನಮ್ಮನೇಲಿ ಏನಾಯ್ತು ಗೊತ್ತಾ? ಒಂದು ದಿನ ಇವರೇ ಶಾಲೆಗೆ ಹೋಗಿ ಅಂಕಪಟ್ಟಿಗೆ ಸಹಿ ಹಾಕಿದ್ರು. ಮೇಷ್ಟ್ರು ಹಳೇದರ ಜೊತೆ ಇಟ್ಟು ನೋಡಿ, ‘ಇದು ಹೊಂದ್ತಿಲ್ಲ ಸಾರ್, ಮಗುವಿನ ತಂದೇನ ಕಳಿಸಿ’ ಅಂದ್ರಂತೆ. ಸಮವಸ್ತ್ರದಲ್ಲಿ ಹೋಗಿದ್ದ ಮನುಷ್ಯ! ಮನೆಗೆ ಬಂದು ನನ್ನ ಪಕ್ಕ ಕೂತು, ‘ನನ್ನ ಸಹಿ ಹೇಗೆ ಹಾಕೋದು, ತೋರಿಸೇ’ ಅಂದ್ರು."

"ತೋರಿಸಿದ್ಯಾ?"

"ನಾಲ್ಕು ದಿನ ಆಟ ಆಡಿಸಿದೆ."

"ನಮ್ಮವರು ಎಡಚರು," ಅಂದಳು ಇನ್ನೊಬ್ಬಳು. "ಎಡಗೈಯಲ್ಲೇ ಕಲಿತೆ. ಅಕ್ಷರ ಸರಿಯಾದ ಕಡೆ ವಾಲಬೇಕಲ್ಲ."

ವಕೀಲೆಗೂ ನಗು ಬಂತು. ನಗುತ್ತಲೇ ಟೈಲರಮ್ಮನನ್ನು ಕುರ್ಚಿಗೆ ಕೂರಿಸಿ, ಇಸ್ತ್ರಿ ಪೆಟ್ಟಿಗೆಯ ತಂತಿ ತಾನೇ ಕಿತ್ತು, ಚೀಲದಲ್ಲಿ ತಂದಿದ್ದ ಹೊಸ ಪ್ರತಿಯ ಒಂಬತ್ತೂ ಪುಟಕ್ಕೆ ಸಹಿ ಹಾಕಿಸಿದಳು. ಈ ಸಲ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಳು. ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕು ಗಂಟೆಗೆ ಆರು ನಿಮಿಷ ಇರುವಾಗ ಅರ್ಜಿ ಕೌಂಟರು ದಾಟಿತು.

ಹತ್ತೊಂಬತ್ತನೇ ತಾರೀಖು ವಿಚಾರಣೆ. ನ್ಯಾಯಾಧೀಶರಿಗೆ ಶೀತ, ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ವಕೀಲೆ ಎದ್ದು ನಾಲ್ಕು ಮಾತಾಡುವಷ್ಟರಲ್ಲಿ ಸರ್ಕಾರಿ ವಕೀಲರು ಎರಡು ಹಾಳೆ ಎತ್ತಿ ಹಿಡಿದರು. ಒಂದು ಹೊಸ ಪ್ರಮಾಣಪತ್ರ, ಇನ್ನೊಂದು ಹಳೆಯದರ ನಕಲು. ರಿಜಿಸ್ಟ್ರಿಯಲ್ಲಿ ಉಳಿದಿದ್ದ ನಕಲು ಅವರ ಕೈಗೆ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ.

"ಸ್ವಾಮಿ, ಈ ಹೆಂಗಸು ತಾಯಿಯ ಹಕ್ಕು ಕೇಳ್ತಿದ್ದಾರೆ. ಆದರೆ ಗಂಡನ ಸಹಿಯನ್ನ ಎಷ್ಟು ಸಲೀಸಾಗಿ ಹಾಕ್ತಾರೆ ನೋಡಿ. ತಮ್ಮ ಸಹಿಗಿಂತ ಚೆನ್ನಾಗಿ. ಇದು ಒಂದು ದಿನದ ಅಭ್ಯಾಸ ಅಲ್ಲ. ಇಂಥ ಕೈಗೆ ಮಕ್ಕಳನ್ನ ಒಪ್ಪಿಸಿ ಅಂತ ಕೇಳ್ತಿದ್ದಾರೆ."

"ಮಕ್ಕಳು ಹುಟ್ಟಿದಾಗಿನಿಂದ ಆ ಕೈಯಲ್ಲೇ ಇದಾರೆ ಸ್ವಾಮಿ," ಅಂದಳು ವಕೀಲೆ.

"ವಾದ ಬೇಡ. ಇದು ಖೋಟಾ ಸಹಿ ಹೌದೋ ಅಲ್ಲವೋ?" ಅಂದರು ನ್ಯಾಯಾಧೀಶರು.

ಹೌದೆಂದರೆ ಜೈಲು, ಅಲ್ಲವೆಂದರೆ ಸುಳ್ಳು. ವಕೀಲೆ, "ಇದು ಇಡೀ ಊರಿನ ರೂಢಿ ಸ್ವಾಮಿ. ಈ ಕಲಮೇ ಮಾಡಿಸಿದ ರೂಢಿ" ಅಂದಳು.

ನ್ಯಾಯಾಧೀಶರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. "ಇಡೀ ಊರು ಅಂದ್ರೆ ಆಯ್ತೇ? ಯಾರಾದರೂ ಬಂದು ಪ್ರಮಾಣ ಮಾಡಿ ಹೇಳಲಿ. ಇಪ್ಪತ್ತಾರಕ್ಕೆ ಇಡಿ. ಹೇಳೋರು ಯಾರೂ ಬರದಿದ್ರೆ ಈ ಹಾಳೆಯನ್ನ ಪೊಲೀಸರಿಗೆ ಕಳಿಸಬೇಕಾಗುತ್ತೆ."

ಹೊರಗೆ ಕಾರಿಡಾರಿನಲ್ಲಿ ಟೈಲರಮ್ಮನ ಹುಡುಗಿ ಹೆಜ್ಜೆ ಎಣಿಸುತ್ತ ಆ ತುದಿಯಿಂದ ಬರುತ್ತಿದ್ದಳು. "ನಲವತ್ತೆರಡು ಮೀಟರು ಅಮ್ಮ, ಅರ್ಧ ಮೀಟರು ಆಚೀಚೆ" ಅಂದಳು. ಆಮೇಲೆ ತಾಯಿಯ ಮುಖ ನೋಡಿದಳು.

"ಅಕ್ಕ, ವಾಪಸು ತಗೊಳ್ಳಿ," ಅಂದಳು ಟೈಲರಮ್ಮ. "ಕೇಸು ಬೇಡ. ನಾನು ಒಳಗೆ ಹೋದ್ರೆ ಇವಳಿಗೆ ಯಾರು? ಇವರಪ್ಪ ಹಡಗು ಬಿಟ್ಟು ಬರ್ತಾರಾ?"

"ವಾಪಸು ತಗೊಂಡ್ರೆ ಸೀಟು ಹೋಗುತ್ತೆ."

"ಸೀಟು ಹೋದ್ರೆ ಹೋಗ್ಲಿ. ನಾನೇ ಹೋದ್ರೆ?"

ಹುಡುಗಿ ಚಪ್ಪಲಿಯ ತುದಿಯಿಂದ ನೆಲದ ಕಲ್ಲಿನ ಗೆರೆ ತಿದ್ದುತ್ತ ನಿಂತಿದ್ದಳು. ವಕೀಲೆ ಅವಳ ಕಡೆ ನೋಡದೆ, "ಇಪ್ಪತ್ತಾರರವರೆಗೆ ಟೈಮು ಕೊಡಿ. ನಿಮ್ಮ ಬೆಂಚಿನ ಮೇಲೆ ಕೂರೋರು ಎಷ್ಟು ಜನ? ಅವರಲ್ಲಿ ಹತ್ತು ಜನ ಬರೆದುಕೊಟ್ರೆ ಸಾಕು. ಹತ್ತು ಜನಾನ ಜೈಲಿಗೆ ಹಾಕೋಕೆ ಆಗಲ್ಲ" ಅಂದಳು.

ಐದು ದಿನ ಮನೆಮನೆ ಸುತ್ತಿದಳು. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ ಅವಳ ಹೊತ್ತು. ಅದಕ್ಕೆ ಮುಂಚೆ ಹೋದರೆ ಕೈಯಲ್ಲಿ ಪೊರಕೆ, ಆಮೇಲೆ ಹೋದರೆ ಸೌಟು. ಬಾಗಿಲಲ್ಲಿ ಎಲ್ಲರೂ ಅವಳನ್ನು ಹೊಗಳಿದರು. ನಮಗೋಸ್ಕರ ಎಷ್ಟು ಕಷ್ಟ ಪಡ್ತೀರಿ ಎಂದು ಕೂರಿಸಿ ನೀರು ಕೊಟ್ಟರು. ಪ್ರಮಾಣಪತ್ರ ತೆಗೆದ ಕೂಡಲೇ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾಯಿತು.

"ನಾನು ಹಾಕೇ ಇಲ್ಲವಲ್ಲ!" ಅಂದಳು ಪೊಲೀಸನ ಹೆಂಡತಿ.

"ಅವತ್ತು ಟೈಲರಮ್ಮನ ಅಂಗಡೀಲಿ ಹೇಳಿದ್ರಿ."

"ಅದು ತಮಾಷೆಗೆ ಹೇಳಿದ್ದು ಮೇಡಂ."

ನಿವೃತ್ತ ಮುಖ್ಯೋಪಾಧ್ಯಾಯರ ಹೆಂಡತಿ ಮಾತ್ರ ನೇರವಾಗಿ ಹೇಳಿದಳು. "ನೀವು ಓದಿದೋರು, ನೀವೇ ಹೇಳಿ. ಇಲ್ಲಿ ಸಹಿ ಹಾಕಿದ್ರೆ ಇಲ್ಲೀವರೆಗೂ ಹಾಕಿದ್ದೆಲ್ಲ ಸುಳ್ಳಾಗಲ್ವಾ? ನನ್ನ ಮಗ ಎಂಜಿನಿಯರಾಗಿದ್ದೂ ಸುಳ್ಳಾಗುತ್ತೆ. ಅವನ ಮೊದಲನೇ ಕ್ಲಾಸಿಂದ ಕೊನೇ ಕ್ಲಾಸಿನವರೆಗೂ ಎಲ್ಲ ನನ್ನ ಕೈಯೇ. ಈಗ ಹೋಗಿ ಅದನ್ನೆಲ್ಲ ಬುಡ ಅಲ್ಲಾಡಿಸ್ಲಾ?"

ವಕೀಲೆ ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಮನೆಗೆ ಬಂದು ಆ ಚೀಲ ಬಿಸಾಕಿ ಕೂಗಾಡಿದಳು. "ಹೆದರುಪುಕ್ಕಲರು! ಬಾಗಿಲ ಹಿಂದೆ ಹುಲಿ, ಬಾಗಿಲ ಮುಂದೆ ಇಲಿ. ಇವರಿಗೋಸ್ಕರ ನಾನ್ಯಾಕೆ ಸಾಯ್ಬೇಕು? ಹತ್ತು ಜನ ಬೇಡ, ಒಬ್ಬಳು, ಒಬ್ಬಳೂ ಸಿಗಲಿಲ್ಲ!"

ಅಮ್ಮ ಕಿಟಕಿಯ ಪಕ್ಕ ಕುಳಿತು ವಕೀಲೆಯ ಬಿಳಿ ಕೊರಳಪಟ್ಟಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ವಾರಕ್ಕೆ ಆರು ಪಟ್ಟಿ. ಗಂಜಿ ಹಾಕಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ಎಪ್ಪತ್ತೊಂದು ವಯಸ್ಸು, ಮೊಣಕಾಲು ನೋವು, ಆದರೂ ಇಪ್ಪತ್ತಾರು ವರ್ಷದಲ್ಲಿ ಮಗಳು ಒಂದು ದಿನವೂ ಮಾಸಿದ ಪಟ್ಟಿ ಕಟ್ಟಿಕೊಂಡು ಕೋರ್ಟಿಗೆ ಹೋಗಿರಲಿಲ್ಲ. ಗಂಜಿಯ ಡಬ್ಬ ಮನೆಯಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ವಕೀಲೆಗೆ ಹೇಳಲು ಆಗುತ್ತಿರಲಿಲ್ಲ.

"ನಾನು ಬರೆದುಕೊಡ್ತೀನಿ ಬಿಡು," ಅಂದಳು ಅಮ್ಮ.

"ನೀನೇನು ಬರೆದುಕೊಡ್ತೀಯ?"

"ನಾನೂ ಹಾಕಿದೀನಲ್ಲ. ನಿಮ್ಮಪ್ಪ ಲಾರಿ ಹತ್ತಿ ಹೋದ್ರೆ ತಿಂಗಳು. ನಿನ್ನ ಶಾಲೇದು, ನಿನ್ನ ಕಣ್ಣಿಗೆ ಆಪರೇಷನ್ ಆಯ್ತಲ್ಲ, ಅದು. ಆಮೇಲೆ ಆ ಲಾ ಕಾಲೇಜಿಂದು."

ಅಮ್ಮ ಇನ್ನೊಂದು ಪಟ್ಟಿ ತೆಗೆದುಕೊಂಡಳು.

ಲಾ ಕಾಲೇಜಿನ ಅರ್ಜಿಯ ಕಥೆ ವಕೀಲೆಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು ಎಂದೂ ಹೇಳುವಂತಿಲ್ಲ. ಅವಳಿಗಾಗ ಹದಿನೇಳು. ಅಪ್ಪ ತಟ್ಟೆ ತಳ್ಳಿ, "ಹೆಂಗಸರು ಕೋರ್ಟು ಮೆಟ್ಟಿಲು ಹತ್ತೋದು ಮನೆ ಮುರಿದಾಗ. ನನ್ನ ಮನೇಲಿ ಆ ಮಾತು ಬೇಡ" ಎಂದು ಲಾರಿ ಹತ್ತಿದ್ದ. ಮೂರು ದಿನ ಬಿಟ್ಟು ನೋಡಿದರೆ ಅರ್ಜಿಯ ಮೇಲೆ ಅವನ ಸಹಿ ಇತ್ತು. ಅವಳು ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಅಪ್ಪ ವಾಪಸು ಬಂದಾಗ, ‘ಅಂಕ ಜಾಸ್ತಿ ಇತ್ತಂತೆ, ಕಾಲೇಜಿನವರೇ ತಗೊಂಡ್ರಂತೆ’ ಎಂದು ಅಮ್ಮ ಹೇಳಿದ್ದನ್ನು ಮೂವರೂ ನಂಬಿ ಬದುಕಿದ್ದರು. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಇಷ್ಟು ವರ್ಷ ಏಳನೇ ಕಲಮಿನ ಬಗ್ಗೆ ಭಾಷಣ ಮಾಡುವಾಗ ಅವಳು ನೂರು ತಾಯಂದಿರ ಉದಾಹರಣೆ ಕೊಟ್ಟಿದ್ದಳು. ಈ ತಾಯಿಯದನ್ನು ಬಿಟ್ಟು.

"ಅಮ್ಮ, ಅದನ್ನ ಬಾಯಿ ಬಿಟ್ಟು ಹೇಳ್ಬೇಡ. ಬೇರೇದಕ್ಕೆಲ್ಲ ಅಪ್ಪನ ಒಪ್ಪಿಗೆ ಇತ್ತು ಅನ್ನಬಹುದು. ಇದಕ್ಕೆ ಅಪ್ಪ ಬೇಡ ಅಂದಿದ್ರು. ಇದು ನಿಜವಾದ ಖೋಟಾ. ಆ ಪ್ರವೇಶವೇ ಸುಳ್ಳು ಅಂತಾರೆ. ನನ್ನ ವಕೀಲಿ ಸನದು ಕಿತ್ಕೋತಾರೆ, ಗೊತ್ತಾ? ನಾಳೆಯಿಂದ ಕರಿ ಕೋಟು ಹಾಕೋ ಹಾಗಿಲ್ಲ."

"ಹಾಗಾದ್ರೆ ಶಾಲೇದು ಮಾತ್ರ ಹೇಳ್ಲಾ?"

"ಅವರು ಕೆದಕ್ತಾರೆ. ಇದೊಂದೇನಾ, ಇನ್ನೂ ಇದೆಯಾ ಅಂತ ಕೇಳೇ ಕೇಳ್ತಾರೆ."

"ಕೇಳಿದ್ರೆ ಹೇಳ್ತೀನಿ. ಪ್ರಮಾಣ ಮಾಡಿ ಸುಳ್ಳು ಹೇಳೋಕಾಗುತ್ತಾ?"

"ಬೇಡ ಅಂದ್ರೆ ಬೇಡ. ನೀನು ಇದರಲ್ಲಿ ತಲೆ ಹಾಕ್ಬೇಡ."

ಅಮ್ಮ ಪಟ್ಟಿಯನ್ನು ಮಡಚಿ ಉಳಿದವುಗಳ ಮೇಲಿಟ್ಟಳು. "ಸರಿ. ಹಾಗಾದ್ರೆ ಆ ಹೆಂಗಸರನ್ನ ಬೈಬೇಡ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಐದು ದಿನದಿಂದ ಬೈತಿದೀಯಲ್ಲ, ಹೆದರುಪುಕ್ಕಲರು ಅಂತ. ಅವಳಿಗೆ ಮಗನ ಎಂಜಿನಿಯರು ಕೆಲಸದ ಹೆದರಿಕೆ. ನಿನಗೆ ನಿನ್ನ ಕೋಟಿನ ಹೆದರಿಕೆ. ಅವಳು ನೀರಾದ್ರೂ ಕೊಟ್ಟು ಕಳಿಸಿದ್ಲು."

ವಕೀಲೆ ಎದ್ದು ಹಿತ್ತಲಿಗೆ ಹೋದಳು. ತಂತಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನು ಎಳೆದೆಳೆದು ತೆಗೆದಳು. ಎರಡು ಕ್ಲಿಪ್ಪು ಮುರಿದವು. ಬಟ್ಟೆ ತಂದು ಮಂಚದ ಮೇಲೆ ಸುರಿದು, ಮಡಚಲು ಹೋಗಿ, ಅಮ್ಮ ಹೇಗೆ ಮಡಚುತ್ತಾಳೆಂದು ತಿಳಿಯದೆ ಕೈಬಿಟ್ಟಳು. ಅರ್ಧ ಗಂಟೆ ಬಿಟ್ಟು ಬಾಗಿಲಲ್ಲಿ ನಿಂತು, "ಎಲ್ಲಾ ಬರೀತೀನಿ, ಕಾಲೇಜಿಂದೂ. ನಾಳೆ ಬೆಳಿಗ್ಗೆ ನೋಟರಿ ಹತ್ರ ಹೋಗೋಣ. ಆದ್ರೆ ಒಂದು. ಅಲ್ಲಿ ನಿನ್ನ ಸಹಿ ಹಾಕ್ಬೇಕು. ಅಪ್ಪಂದಲ್ಲ" ಅಂದಳು.

"ನಂದು ಯಾವುದು?" ಅಂದಳು ಅಮ್ಮ.

ಅದು ತಮಾಷೆಯಾಗಿರಲಿಲ್ಲ. ಅಮ್ಮನಿಗೆ ಓದು ಬರೆಹ ಬರುತ್ತಿತ್ತು, ಪೇಪರು ಓದುತ್ತಿದ್ದಳು. ಆದರೆ ಶಾಲೆ ಬಿಟ್ಟ ಮೇಲೆ ಅವಳ ಹೆಸರನ್ನು ಬರೆ ಎಂದು ಯಾವ ಕಾಗದವೂ ಕೇಳಿರಲಿಲ್ಲ. ಮಗಳು ಹಳೆಯ ತೀರ್ಪಿನ ಹಾಳೆಗಳ ಹಿಂಬದಿ ಕೊಟ್ಟಳು. ಅಮ್ಮ ಮೊದಲು ಗಂಡನ ಸಹಿ ಹಾಕಿ ಪೆನ್ನು ಚೆನ್ನಾಗಿ ಓಡುತ್ತದೋ ಎಂದು ನೋಡಿದಳು. ಆಮೇಲೆ ತನ್ನದಕ್ಕೆ ಕುಳಿತಳು.

"ಹೆಸರಿನ ಮುಂದೆ ಯಾರ ಅಕ್ಷರ ಹಾಕ್ಲಿ? ನಮ್ಮಪ್ಪಂದಾ, ನಿಮ್ಮಪ್ಪಂದಾ?"

"ಯಾರದ್ದೂ ಬೇಡ."

"ಬರೀ ಹೆಸರು ಬೋಳುಬೋಳಾಗಿ ಕಾಣುತ್ತೆ ಕಣೇ."

"ಕಾಣಲಿ."

ಅವತ್ತು ಅಡುಗೆ ವಕೀಲೆಯದು. ತಳ ಹಿಡಿದ ವಾಸನೆ ಕೋಣೆಗೆ ಬಂದರೂ ಅಮ್ಮ ಏಳಲಿಲ್ಲ. ಕೂತಲ್ಲಿಂದಲೇ, "ಉರಿ ಸಣ್ಣ ಮಾಡು" ಎಂದು ಮೂರು ಸಲ ಹೇಳಿದಳು. ಊಟಕ್ಕೆ ಕುಳಿತಾಗ ಎಂಟು ಹಾಳೆ ತುಂಬಿತ್ತು. ಒಂದರಂತೆ ಒಂದಿರಲಿಲ್ಲ.

ಮರುದಿನ ನೋಟರಿ ಕಾಗದ ನೋಡಿ, "‘ಇವರ ಪತ್ನಿ’ ಅಂತ ಬರೆದಿಲ್ಲವಲ್ಲ. ಅದಿಲ್ಲದೆ ಯಾರು ಅಂತ ಗೊತ್ತಾಗೋದು ಹೇಗೆ?" ಅಂದರು. ಬರೆಯಬೇಕಾಯಿತು. ಏಳನೇ ಕಲಮಿನ ವಿರುದ್ಧದ ಪ್ರಮಾಣಪತ್ರ ಅಪ್ಪನ ಹೆಸರಿನಿಂದಲೇ ಶುರುವಾಯಿತು.

ಇಪ್ಪತ್ತಾರರಂದು ಅಮ್ಮ ಸಾಕ್ಷಿಕಟ್ಟೆ ಹತ್ತಿದಳು. ಮೊಣಕಾಲಿಗೆಂದು ಕುರ್ಚಿ ಕೊಟ್ಟರು, ಕೂರಲಿಲ್ಲ. ಟೈಲರಮ್ಮ ಮಗಳ ಜೊತೆ ಹಿಂದಿನ ಬೆಂಚಿನಲ್ಲಿದ್ದಳು. ಆ ಹೆಂಗಸರಲ್ಲಿ ಬೇರೆ ಯಾರೂ ಬಂದಿರಲಿಲ್ಲ.

ಸರ್ಕಾರಿ ವಕೀಲರು ಅಮ್ಮನ ಪ್ರಮಾಣಪತ್ರ ನೋಡುತ್ತ ನಯವಾಗಿಯೇ ಕೇಳಿದರು. "ನೋಡಿ ತಾಯಿ, ಮಗಳ ಕಾಲೇಜು ಅರ್ಜಿಗೆ ಯಜಮಾನರ ಸಹಿ ನೀವೇ ಹಾಕಿದ್ರಿ."

"ಹೌದು ಸ್ವಾಮಿ."

"ಅವರು ಬೇಡ ಅಂದಿದ್ರು ತಾನೆ?"

"ಅಂದಿದ್ರು."

"ಬೇಡ ಅಂದಮೇಲೂ ಹಾಕಿದ್ರಿ. ತಪ್ಪು ಅನ್ನಿಸಲಿಲ್ವಾ?"

"ಅವತ್ತು ಒಲೆ ಮೇಲೆ ಹಾಲಿತ್ತು. ಅನ್ನಿಸೋಕೆ ಪುರುಸೊತ್ತಿರಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಸರ್ಕಾರಿ ವಕೀಲರೂ ನಕ್ಕರು. "ಹಾಗೆ ಓದಿದ ಮಗಳು ಈಗ ಎಲ್ಲಿದಾರೆ? ದಾಖಲೆಗೆ ಬರಲಿ ಅಂತ ಕೇಳ್ತಿದೀನಿ."

"ನಿಮ್ಮ ಪಕ್ಕದಲ್ಲೇ ಕೂತಿದಾಳಲ್ಲ. ದಿನಾ ನೋಡಲ್ವಾ ನೀವು?"

ನಗು ಇಡೀ ಕೋಣೆ ಸುತ್ತಿತು. ವಕೀಲೆ ನಗಲಿಲ್ಲ. ಎದ್ದು ನಿಂತು ವಾದ ಮಾಡಿದಳು. ಅಪ್ಪ ಬೇಡ ಅಂದದ್ದಕ್ಕೆ ಕಾನೂನಿನಲ್ಲಿ ಬೆಲೆ ಇತ್ತು, ಅಮ್ಮ ಬೇಕು ಅಂದದ್ದಕ್ಕೆ ಇರಲಿಲ್ಲ. ಅಮ್ಮನಿಗೆ ಬೇಕು ಅನ್ನಲು ಇದ್ದದ್ದು ಅಪ್ಪನ ಸಹಿಯೊಂದೇ. ಟೈಲರಮ್ಮನಿಗೂ ಇದ್ದದ್ದು ಅದೇ. "ನಾನು ಇಲ್ಲಿ ನಿಂತು ಮಾತಾಡ್ತಿರೋದೇ ಖೋಟಾ ಸಹಿಯ ಮೇಲೆ ಸ್ವಾಮಿ. ತಪ್ಪು ಸಹಿಯದೋ, ಕಲಮಿನದೋ, ಅದನ್ನ ಇವತ್ತು ತೀರ್ಮಾನ ಮಾಡಿ." ಹತ್ತೊಂಬತ್ತು ವರ್ಷದಲ್ಲಿ ಅವಳು ಅಷ್ಟು ಚಿಕ್ಕ ವಾದ ಮಾಡಿದ್ದಿಲ್ಲ.

ನ್ಯಾಯಾಧೀಶರು ಗಡಿಯಾರ ನೋಡಿದರು, ಬಿಸಿನೀರು ಕುಡಿದರು, ಆದೇಶ ಬರೆಸಿದರು. ಪೊಲೀಸರಿಗೆ ಸದ್ಯಕ್ಕೆ ಬರೆಯುವುದು ಬೇಡ. ಹುಡುಗಿಯನ್ನು ಶಾಲೆ ತಾತ್ಕಾಲಿಕವಾಗಿ ಸೇರಿಸಿಕೊಳ್ಳಲಿ. ಆರು ವಾರದೊಳಗೆ ತಂದೆ ಖುದ್ದಾಗಿ ಹಾಜರಾಗಿ ಸಹಿ ಹಾಕದಿದ್ದರೆ ಸೀಟು ರದ್ದು. ಏಳನೇ ಕಲಮಿನ ಪ್ರಶ್ನೆಯನ್ನು ರಜೆಯ ನಂತರ ಸೂಕ್ತ ಪೀಠದ ಮುಂದೆ ಇಡುವುದು. ಸಾಕ್ಷಿಯ ಹೇಳಿಕೆಯ ನಕಲನ್ನು ವಕೀಲರ ಪರಿಷತ್ತಿಗೆ, ಮುಂದಿನ ಕ್ರಮಕ್ಕಾಗಿ, ಕಳಿಸುವುದು.

"ಸ್ವಾಮಿ, ಹಡಗು ಬರೋದು ಎಂಟು ತಿಂಗಳಿಗೆ. ಆರು ವಾರಕ್ಕಲ್ಲ."

"ಆಗ ನೋಡೋಣ."

"ಯಾವಾಗ ಸ್ವಾಮಿ? ಸೀಟು ಹೋದ ಮೇಲಾ?"

"ನೋಡೋಣ ಅಂದೆನಲ್ಲ. ಮುಂದಿನ ಕೇಸು ಕರೀರಿ."

ವಕೀಲೆಯ ಕೈಯಲ್ಲಿದ್ದ ಕಡತದ ದಾರ ಬಿಚ್ಚಿಕೊಂಡಿತ್ತು. ಅದನ್ನು ಕಟ್ಟಲು ಹೋದರೆ ಗಂಟು ಬೀಳಲೊಲ್ಲದು. ಹಿಂದಿನ ಬೆಂಚಿನಿಂದ ಹುಡುಗಿ ತಾಯಿಯ ಕಿವಿಯಲ್ಲಿ, "ಸಿಕ್ತಾ, ಇಲ್ವಾ?" ಎಂದು ಕೇಳುತ್ತಿದ್ದಳು. ಟೈಲರಮ್ಮ ವಕೀಲೆಯ ಮುಖ ನೋಡುತ್ತಿದ್ದಳು. ಏನೆಂದು ಹೇಳಬೇಕು? ಸಿಕ್ಕಿದೆ, ಆರು ವಾರ. ಆರು ವಾರವಾದ ಮೇಲೆ ಇನ್ನೊಂದು ಅರ್ಜಿ, ಇನ್ನೊಂದು ಕೌಂಟರು, ಇನ್ನೊಂದು ಹಳದಿ ಚೀಟಿ. ಅದನ್ನು ಹಾಕುವ ಹೊತ್ತಿಗೆ ತನ್ನ ಮೈಮೇಲೆ ಕೋಟು ಇರುತ್ತದೋ ಇಲ್ಲವೋ.

ಬೆಂಚ್ ಗುಮಾಸ್ತ ಟೈಪಾದ ಹೇಳಿಕೆಯನ್ನು ಸಾಕ್ಷಿಕಟ್ಟೆಯ ಅಂಚಿನ ಮೇಲಿಟ್ಟು, "ಇಲ್ಲಿ ಸಹಿ ಹಾಕಿ ಅಮ್ಮ, ಬೇಗ" ಅಂದ.

ಬೇಗ ಅಂದದ್ದು ಕೇಳಿ ವಕೀಲೆ ದಾರ ಬಿಟ್ಟು ತಿರುಗಿ ನೋಡಿದಳು.

ಅಮ್ಮ ಪೆನ್ನು ಹಿಡಿದಳು. ಎಡಗೈಯಿಂದ ಹಾಳೆಯನ್ನು, ತರಕಾರಿ ಹೆಚ್ಚುವ ಮಣೆ ಜಾರದಂತೆ ಹಿಡಿಯುವ ಹಾಗೆ, ಒತ್ತಿ ಹಿಡಿದಳು. ಮೊದಲ ಅಕ್ಷರ ಬರೆದಳು. ಪೆನ್ನೆತ್ತಿ ನೋಡಿದಳು. ಎರಡನೆಯದಕ್ಕೆ ಹೋದಳು. ಅಷ್ಟರಲ್ಲಿ ಮುಂದಿನ ಕೇಸಿನ ನಂಬರು ಕೂಗಿ, ಅದರ ವಕೀಲರು ಎದ್ದು ಕೋಟು ಸರಿಮಾಡಿಕೊಂಡರು. ಗುಮಾಸ್ತ ಹಾಳೆಯ ತುದಿ ಹಿಡಿದು ಮೆಲ್ಲಗೆ ಎಳೆದ.

"ಸಾಕು ಬಿಡಿ ಅಮ್ಮ, ಅಷ್ಟೇ ಸಾಕು. ಹೊತ್ತಾಯ್ತು."

"ಇರಪ್ಪ," ಅಂದಳು ಅಮ್ಮ, ತಲೆ ಎತ್ತದೆ. "ಇನ್ನೂ ಮೂರು ಅಕ್ಷರ ಇದೆ."

ಗುಮಾಸ್ತ ಪೀಠದ ಕಡೆ ನೋಡಿದ. ನ್ಯಾಯಾಧೀಶರು ಸಾಕ್ಷಿಕಟ್ಟೆಯ ಕಡೆ ನೋಡಿದರು. ಎದ್ದು ನಿಂತ ವಕೀಲರು ಬಾಯಿ ತೆರೆದವರು ಮುಚ್ಚಿಕೊಂಡರು. ಅಮ್ಮ ಮೂರನೇ ಅಕ್ಷರದ ಕೊಂಬು ತಿದ್ದುತ್ತಿದ್ದಳು.